ಲಿವರ್ ಮೇಲಿನ ಕೆಂಪು ಚುಕ್ಕೆ

ನಮ್ಮ ದೊಡ್ಡಮ್ಮನ ಬಲ ಮೊಣಕಾಲನ್ನು ಇಟ್ಟುಕೊಂಡು ಐದು ಡಾಕ್ಟರುಗಳು ಐದು ಸಿನಿಮಾ ತೆಗೆದರು. ಹೀರೊಯಿನ್ ಒಬ್ಬಳೇ, ವಿಲನ್ ಮಾತ್ರ ಪ್ರತಿ ಸಲ ಬೇರೆ.

ಮೊದಲನೆಯವರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಸವೆದಿದೆಯಮ್ಮ, ವಯಸ್ಸು" ಎಂದರು. ಎರಡನೆಯವರು ಅದೇ ಎಕ್ಸ್‌ರೇ ನೋಡಿ, "ಯಾರ್ರೀ ಸವೆದಿದೆ ಅಂದಿದ್ದು? ಈ ಮೊಣಕಾಲಲ್ಲಿ ಮ್ಯಾರಥಾನ್ ಓಡಬಹುದು. ಇದು ಸೊಂಟದಿಂದ ಇಳಿದಿರೋ ನರದ ನೋವು" ಎಂದರು. ಮೂರನೆಯವರು ರಕ್ತ ತೆಗೆಸಿ, ಯೂರಿಕ್ ಆಸಿಡ್ ಎಂದು ಹೇಳಿ, ತಟ್ಟೆಯಲ್ಲಿದ್ದ ಅರ್ಧ ಊಟವನ್ನು ಬಿಡಿಸಿದರು. ನಾಲ್ಕನೆಯವರು ತಲೆಯನ್ನೂ ಎತ್ತದೆ "ತೂಕ ಇಳಿಸಿ" ಎಂದು ಬರೆದುಕೊಟ್ಟರು. ದೊಡ್ಡಮ್ಮನ ತೂಕ ನಲವತ್ತಾರು ಕೆಜಿ, ಅದೂ ದೊಡ್ಡ ಕತ್ತರಿಯನ್ನು ಕೈಯಲ್ಲಿ ಹಿಡಿದುಕೊಂಡರೆ.

"ಇನ್ನೂ ಇಳಿಸಿದ್ರೆ ಹ್ಯಾಂಗರಿಗೆ ನೇತು ಹಾಕ್ಬೇಕಾಗುತ್ತೆ ಡಾಕ್ಟ್ರೇ" ಎಂದೆ ನಾನು. ದೊಡ್ಡಮ್ಮ ಮೇಜಿನ ಕೆಳಗೆ ನನ್ನ ತೊಡೆ ಚಿವುಟಿದಳು.

ಐದನೆಯವರು ಹೋದ ಬುಧವಾರ ಸ್ಕ್ಯಾನ್ ನೋಡಿ, ಒಳಗಿನ ಮೆತ್ತೆ ಹರಿದಿದೆ, ಆಪರೇಷನ್ ಮಾಡೋಣ, ಆಮೇಲೆ ಮೂರು ತಿಂಗಳು ಹೊಲಿಗೆ ಮಿಷಿನ್ ಮುಟ್ಟುವ ಹಾಗಿಲ್ಲ ಎಂದರು.

ವಾಪಸ್ ಬರುವಾಗ ಬಸ್ಸಿನಲ್ಲಿ ದೊಡ್ಡಮ್ಮ ಎಕ್ಸ್‌ರೇ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಕಡೆ ನೋಡುತ್ತ ಕೂತಳು. ಆ ಚೀಲವನ್ನೂ ಅವಳೇ ಹೊಲಿದದ್ದು, ಉಳಿದ ಪ್ಯಾಂಟ್ ಬಟ್ಟೆಯಲ್ಲಿ, ಎರಡು ಜೇಬು ಸಮೇತ.

"ಐದು ಜನ ಐದು ಥರ ಹೇಳಿದ್ರು ಅಂದ್ರೆ ಯಾರಿಗೂ ಗೊತ್ತಿಲ್ಲ ಅಂತ ಅರ್ಥ" ಎಂದಳು. "ಗೊತ್ತಿಲ್ಲದವರ ಕೈಗೆ ಕತ್ತರಿ ಕೊಡಲ್ಲ ನಾನು. ಅಂಗಡಿ ಮುಚ್ತೀನಿ ಕಣೇ. ಭಾನುವಾರ ಪರದೆಯಣ್ಣ ಬಂದು ದೊಡ್ಡ ಮಿಷಿನ್ ತಗೊಂಡು ಹೋಗ್ತಾನೆ. ಹೇಳಿದ್ದೀನಿ."

ಪರದೆಯಣ್ಣ ಎಂದರೆ ನಮ್ಮ ಅಂಗಡಿಯ ಎದುರಿಗೆ ಕಿಟಕಿ ಪರದೆ ಹೊಲಿಯುವವನು. ದೊಡ್ಡ ಮಿಷಿನ್ ಎಂದರೆ ದೊಡ್ಡಪ್ಪನದು. ದೊಡ್ಡಪ್ಪ ಹೋಗಿ ಆರು ವರ್ಷವಾಯಿತು.

ನನ್ನ ಬಳಿ ಎಲ್ಲದಕ್ಕೂ ಒಂದು ಡೈಲಾಗ್ ಇರುತ್ತದೆ. ನಾನು ಕೆಲಸ ಮಾಡುವ ಕೊರಿಯರ್ ಆಫೀಸಿನಲ್ಲಿ ಪಾರ್ಸೆಲ್ ಒಡೆದುಹೋಗಿ ಬಂದವರೂ ನಗುತ್ತಾ ವಾಪಸ್ ಹೋಗುತ್ತಾರೆ. ಆವತ್ತು ಬಸ್ಸಿನಲ್ಲಿ ಬಾಯಿಗೆ ಬಂದದ್ದು, "ಟಿಕೆಟ್ ಎಲ್ಲಿಟ್ಟೆ?" ಅಷ್ಟೇ.

ಅಂಗಡಿ ಎಂದರೆ ಒಂದು ಉದ್ದನೆಯ ಕೋಣೆ. ಮಧ್ಯದಲ್ಲಿ ಬಟ್ಟೆ ಕತ್ತರಿಸುವ ಮೇಜು, ಅದರ ಕೆಳಗೆ ಬಟ್ಟೆ ಚೂರುಗಳ ಮೂಟೆ, ಆ ಮೂಟೆಯ ಹಿಂದೆ ಒಂದು ಕಾಲದಲ್ಲಿ ನಾನು. ಸ್ಕೂಲು ಬಿಟ್ಟ ಮೇಲೆ ಅಮ್ಮ ಕೆಲಸದಿಂದ ಬರುವ ತನಕ ಅದೇ ನನ್ನ ಕೋಟೆ. ಗೋಡೆಯ ಕನ್ನಡಿಯ ಒಂದು ಮೂಲೆ ಕಪ್ಪಾಗಿ, ಯಾರು ನಿಂತರೂ ಎಡ ಭುಜ ಇಲ್ಲದವರ ಹಾಗೆ ಕಾಣುತ್ತಿದ್ದರು. ಕನ್ನಡಿಯ ಪಕ್ಕದಲ್ಲಿ ದೊಡ್ಡಮ್ಮನ ತುಳಿಯುವ ಮಿಷಿನ್. ಕಿಟಕಿಯ ಬಳಿ ದೊಡ್ಡಪ್ಪನ ಮೋಟಾರು ಮಿಷಿನ್, ಅವರು ಹೋದ ಮೇಲೆ ದೊಡ್ಡಮ್ಮ ಹೊಲಿಯುವುದು ಅದರಲ್ಲೇ.

ದೊಡ್ಡಪ್ಪ ಆರಡಿ ಎರಡಿಂಚು. ಸ್ಟೂಲಿನ ಮೇಲೆ ಕೂತರೆ ಅವರ ಮೊಣಕಾಲುಗಳು ಮೇಜಿನ ಎರಡೂ ಕೊನೆ ಮುಟ್ಟುತ್ತಿದ್ದವು. ಡೈಲಾಗ್ ಹೇಳದೆ ಅವರಿಗೆ ಸೂಜಿ ಓಡುತ್ತಿರಲಿಲ್ಲ. ಕಾಲರ್ ಕೂರಿಸುವಾಗ ಕೋರ್ಟ್ ಸೀನ್, ಗುಂಡಿ ಪಟ್ಟಿಗೆ ತಾಯಿ ಸೆಂಟಿಮೆಂಟ್, ಜಿಪ್ ಇಡುವಾಗ ಫೈಟಿಂಗ್, ಅದರ ಸದ್ದೂ ಬಾಯಲ್ಲೇ. ಯಾವ ಸಿನಿಮಾದ್ದೂ ಅಲ್ಲ, ಎಲ್ಲ ಸ್ವಂತದ್ದು. ಗಿರಾಕಿ ಬಂದು ಬಾಗಿಲಲ್ಲಿ ಕೆಮ್ಮಿದರೆ, "ನಿಂತ್ಕೊಳ್ಳಿ ಸಾರ್, ಸೀನ್ ಮುಗೀಲಿ" ಎನ್ನುತ್ತಿದ್ದರು. ಅವರೂ ನಿಲ್ಲುತ್ತಿದ್ದರು. ತಮ್ಮ ಪ್ಯಾಂಟ್ ತಯಾರಿದೆಯೋ ಇಲ್ಲವೋ ಎನ್ನುವುದಕ್ಕಿಂತ ಆ ತಾಯಿ ಬದುಕಿದಳೋ ಇಲ್ಲವೋ ಎನ್ನುವುದೇ ಅವರಿಗೂ ದೊಡ್ಡದಾಗಿರುತ್ತಿತ್ತು.

ಆ ಮಿಷಿನ್ನಿನ ಮೇಜಿನ ಕೆಳಗೆ, ಬಲ ಮೊಣಕಾಲಿನ ಪಕ್ಕ, ಒಂದು ಕಬ್ಬಿಣದ ಕಡ್ಡಿ ಇಳಿಬಿದ್ದಿರುತ್ತದೆ. ಅದರ ತುದಿಯಲ್ಲಿ ಅಂಗೈಯಷ್ಟು ದೊಡ್ಡ ತಟ್ಟೆ. ಮೊಣಕಾಲಿನಿಂದ ಅದನ್ನು ಹೊರಗೆ ತಳ್ಳಿದರೆ, ಬಟ್ಟೆಯನ್ನು ಒತ್ತಿ ಹಿಡಿದಿರುವ ಪಾದ ಮೇಲೇಳುತ್ತದೆ. ಎರಡೂ ಕೈ ಬಟ್ಟೆಯ ಮೇಲೇ ಇರುತ್ತವೆ. ಅದು ಮೊಣಕಾಲು ಲಿವರ್. ಒಂದು ತಿರುಪು ಸಡಿಲಿಸಿದರೆ ಅದನ್ನು ಬೇಕಾದ ಕಡೆ ಸರಿಸಬಹುದು. ಈ ವಿಷಯ ನನಗೆ ಒಂಬತ್ತನೇ ವಯಸ್ಸಿನಲ್ಲಿ ಗೊತ್ತಾಯಿತು. ಗೊತ್ತಾಗಬಾರದಿತ್ತು.

ದೊಡ್ಡಪ್ಪ ಟೀ ಕುಡಿಯಲು ಎದ್ದ ತಕ್ಷಣ ನಾನು ಲಿವರನ್ನು ಒಳಗೆ ತಿರುಗಿಸಿ ಮೂಟೆಯ ಹಿಂದೆ ಸೇರಿಕೊಳ್ಳುತ್ತಿದ್ದೆ. ಅವರು ಬಂದು ಕೂರುವುದು, ಮೊಣಕಾಲು ಟಣ್ ಎಂದು ಬಡಿಯುವುದು, ಆಮೇಲೆ ಬೀದಿಗೆಲ್ಲ ಕೇಳುವ ಹಾಗೆ:

"ಯಾರಲ್ಲಿ! ನಮ್ಮ ಸಿಂಹಾಸನದ ಕೀಲು ತಿರುಗಿಸಿದ ದ್ರೋಹಿ ಯಾರು?"

"ಮಹಾಪ್ರಭು, ಇಲಿ!" ಎಂದು ಮೂಟೆ ಉತ್ತರ ಕೊಡುತ್ತಿತ್ತು.

"ಆ ಇಲಿಗೆ ಎರಡು ಜಡೆ ಇದೆಯೋ?"

ವಾರಕ್ಕೆ ನಾಲ್ಕು ಸಲ ಇದೇ ನಾಟಕ. ಪ್ರತಿ ಸಲವೂ ಲಿವರನ್ನು ಮತ್ತೆ ಸರಿಯಾದ ಜಾಗಕ್ಕೆ ತರಲು ದೊಡ್ಡಪ್ಪ ಕಾಲು ಗಂಟೆ ಒದ್ದಾಡುತ್ತಿದ್ದರು. ಕೊನೆಗೆ ದೊಡ್ಡಮ್ಮನೇ ಬೇಸತ್ತು, ತನ್ನ ಕೆಂಪು ನೇಲ್ ಪಾಲಿಶ್ ತಂದು, ಕಡ್ಡಿ ಮತ್ತು ಅದನ್ನು ಹಿಡಿದಿರುವ ಕಬ್ಬಿಣದ ಬಳೆ ಎರಡೂ ಸೇರುವ ಕಡೆ, ಎರಡರ ಮೇಲೂ ಬೀಳುವ ಹಾಗೆ ಒಂದು ಚುಕ್ಕೆ ಇಟ್ಟಳು. "ತಗೊಳ್ಳಿ, ಇನ್ಮೇಲೆ ಚುಕ್ಕೆಗೆ ಚುಕ್ಕೆ ಸೇರಿಸ್ಕೊಳ್ಳಿ. ಅಪ್ಪ ಮಗಳ ಥರ ಆಡ್ತೀರ ಇಬ್ರೂ" ಎಂದಳು. ಅವರಿಗೆ ಮಕ್ಕಳಿರಲಿಲ್ಲ. ಆ ಮಾತು ಕೇಳಿ ದೊಡ್ಡಪ್ಪ ಆವತ್ತು ಜಿಪ್ಪಿಗೂ ತಾಯಿ ಸೆಂಟಿಮೆಂಟೇ ಹೇಳಿದರು.

ಬುಧವಾರ ಹೋಗಿ ಶುಕ್ರವಾರ ಬಂತು. ಸಂಜೆ ದೊಡ್ಡಮ್ಮ ದಾರದ ಉಂಡೆ ತರಲು ಹೊರಗೆ ಹೋಗಿದ್ದಳು. ನನಗೆ ತಲೆಹರಟೆ ಐಡಿಯಾ ಬಂತು. ಎಕ್ಸ್‌ರೇ ಚೀಲದ ಬಾಯನ್ನು ಹೊಲಿದುಬಿಡೋಣ, ತೆಗೆಯಲು ಹೋದಾಗ ಅವಳ ಮುಖ ನೋಡೋಣ, ಮಿಷಿನ್ ಹೋಗುವ ಮುಂಚೆ ಒಂದು ಕೊನೆಯ ತಂಟೆ. ದೊಡ್ಡಪ್ಪನ ಸ್ಟೂಲಿನ ಮೇಲೆ ಕೂತೆ. ಚೀಲವನ್ನು ಸೂಜಿಯ ಕೆಳಗಿಡಲು ಪಾದ ಎತ್ತಬೇಕಲ್ಲ, ಮೊಣಕಾಲಿನಿಂದ ಲಿವರ್ ಹುಡುಕಿದೆ. ಸಿಗಲಿಲ್ಲ. ಬಗ್ಗಿ ನೋಡಿದರೆ ಅದು ಇನ್ನೊಂದು ಊರಿನಲ್ಲಿತ್ತು. ಸ್ಟೂಲಿನ ಅಂಚಿಗೆ ಜರುಗಿ, ತೊಡೆಯನ್ನು ಅಗಲಿಸಿ, ಕಾಲನ್ನು ಸೊಟ್ಟ ಮಾಡಿ ತಳ್ಳಿದೆ. ಪಾದ ಎದ್ದಿತು. ಚೀಲದ ಬಾಯಿ ಮುಗಿಯುವಷ್ಟರಲ್ಲಿ ಹದಿನೈದು ಸಲ ಹಾಗೆ ತಳ್ಳಿರಬೇಕು. ಎದ್ದು ನಿಂತಾಗ ಮೊಣಕಾಲಿನ ಒಳಬದಿಯಲ್ಲಿ ಚುಳ್ ಎಂದಿತು.

ಅಂಗೈ ತಾನಾಗಿ ಅಲ್ಲಿಗೆ ಹೋಯಿತು. ದೊಡ್ಡಮ್ಮ ಮೆಟ್ಟಿಲ ಮೇಲೆ ನಿಂತು ಅಂಗೈ ಇಡುವುದು ಅದೇ ಜಾಗಕ್ಕೆ.

ನಾನೂ ದೊಡ್ಡಮ್ಮನೂ ಒಂದೇ ಎತ್ತರ, ಒಬ್ಬರ ಬಟ್ಟೆ ಒಬ್ಬರು ಹಾಕಿಕೊಳ್ಳುತ್ತೇವೆ. ನಾನು ಮತ್ತೆ ಬಗ್ಗಿ ನೋಡಿದೆ. ಕೆಂಪು ಚುಕ್ಕೆ ಇಂಚೂ ಕದಲದೆ, ಚುಕ್ಕೆಗೆ ಚುಕ್ಕೆ ಸೇರಿಕೊಂಡೇ ಇತ್ತು. ಆರು ವರ್ಷದಿಂದ ಐದಡಿಯ ಹೆಂಗಸು ಆರಡಿ ಎರಡಿಂಚಿನ ಗಂಡಸಿನ ಜಾಗದಲ್ಲಿ ಕಾಲಿಡಲು ದಿನವಿಡೀ ತನ್ನ ಮೊಣಕಾಲನ್ನು ಎಳೆಯುತ್ತಿದ್ದಳು.

ಶನಿವಾರ ಆಫೀಸಿಗೆ ಹೊಟ್ಟೆನೋವು ಎಂದು ಸುಳ್ಳು ಹೇಳಿ, ದೊಡ್ಡಮ್ಮನಿಗೆ "ಆಪರೇಷನ್ ಬೇಡ ಅಂತ ಬಾಯಾರೆ ಹೇಳಿ ಬರೋಣ" ಎಂದು ಇನ್ನೊಂದು ಸುಳ್ಳು ಹೇಳಿ, ಐದನೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

"ದೊಡ್ಡಮ್ಮ, ಶರ್ಟ್ ಹೇಗೆ ಹೊಲೀತೀಯ ಅಂತ ಡಾಕ್ಟ್ರಿಗೆ ತೋರಿಸು" ಎಂದೆ.

"ಹುಚ್ಚಾ ನಿಂಗೆ? ಅವರ ಟೈಮ್ ಹಾಳು ಮಾಡ್ಬೇಡ."

"ತೋರಿಸಿ ಅಮ್ಮ" ಎಂದರು ಡಾಕ್ಟರು.

ಅವಳು ಕುರ್ಚಿಯ ಅಂಚಿಗೆ ಜರುಗಿ, ಗಾಳಿಯಲ್ಲಿ ಕಾಲರ್ ಹಿಡಿದಳು. ಕೈ ತಿರುಗಿದಾಗೆಲ್ಲ ಬಲ ಮೊಣಕಾಲು ಅವಳಿಗೇ ಗೊತ್ತಿಲ್ಲದ ಹಾಗೆ ಹೊರಗೆ ಹಾರಿತು. ಮೂರನೆಯ ಸಲ ಡಾಕ್ಟರ ಕಸದ ಬುಟ್ಟಿ ಉರುಳಿತು.

"ಕೂತು ಮಾಡೋ ಕೆಲಸ ಅಂದಿದ್ರಲ್ಲಮ್ಮ?"

"ಕೂತೇ ತಾನೇ ಮಾಡ್ತಿರೋದು?"

"ಕಾಲು ಹಿಂಗೆ ಆಡುತ್ತೆ ಅಂತ ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ಲ ಸಾರ್. ನಿಂತು ಮಾಡೋದಾ ಕೂತು ಮಾಡೋದಾ ಅಂತ ಐದೂ ಜನ ಕೇಳಿದ್ರಿ. ನಾನೂ ಐದೂ ಸಲ ನಿಜಾನೇ ಹೇಳ್ದೆ."

ನಾನು ಲಿವರಿನ ಕಥೆ ಹೇಳಿದೆ. ಡಾಕ್ಟರು ಬುಟ್ಟಿಯನ್ನು ತಾವೇ ಎತ್ತಿಟ್ಟರು. "ಆ ಲಿವರನ್ನ ನಿಮ್ಮ ಕಾಲಿಗೆ ಹೊಂದಿಸ್ಕೊಳ್ಳಿ. ಕೆಲಸ ಸ್ವಲ್ಪ ಕಡಿಮೆ ಮಾಡಿ. ಒಂದು ವ್ಯಾಯಾಮ ಹೇಳ್ಕೊಡ್ತೀನಿ. ಆರು ವಾರ ಬಿಟ್ಟು ಬನ್ನಿ. ಪೂರ್ತಿ ಹೋಗುತ್ತೆ ಅಂತ ನಾನು ಹೇಳಲ್ಲ. ಆಪರೇಷನ್ ವಿಷಯ ಆಮೇಲೆ ಮಾತಾಡೋಣ."

ಸ್ಕ್ಯಾನ್ ಇನ್ನೊಂದು ಸಲ ನೋಡಬೇಕು ಎಂದು ಅವರು ಚೀಲ ಕೇಳಿದಾಗ ಅದರ ಬಾಯಿ ತೆರೆಯಲಿಲ್ಲ. ದೊಡ್ಡಮ್ಮ ಹೊಲಿಗೆಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. "ಹೊಲಿಗೆ ಸೊಟ್ಟಗಿದೆ" ಎಂದಳು, ಅಷ್ಟೇ.

ನನಗೆ ಸಿನಿಮಾ ಗೆದ್ದ ಹಾಗಿತ್ತು. ಆದರೆ ಆಸ್ಪತ್ರೆಯ ಮೆಟ್ಟಿಲಿಳಿಯುತ್ತ ದೊಡ್ಡಮ್ಮ, "ನಾಳೆ ಹತ್ತಕ್ಕೆ ಬರ್ತಾನೆ ಪರದೆಯಣ್ಣ. ಅಷ್ಟರಲ್ಲಿ ಆ ಸ್ಕೂಲ್ ಶರ್ಟ್ ಒಂದು ಮುಗಿಸ್ಬೇಕು" ಎಂದಳು.

"ಏನ್ ದೊಡ್ಡಮ್ಮ! ಇಷ್ಟು ಹೊತ್ತು ಡಾಕ್ಟ್ರು ಹೇಳಿದ್ದೇನು? ಒಂದು ತಿರುಪು ಕಣೇ. ಎರಡು ಸುತ್ತು ತಿರುಗಿಸಿದ್ರೆ ಮುಗೀತು."

"ಅದು ಅವರ ಕಾಲಿದ್ದ ಜಾಗ." ಅವಳು ಮೆಟ್ಟಿಲ ಕಂಬಿ ಹಿಡಿದು ನಿಂತಳು. "ಬಟ್ಟೆ ಎಲ್ಲ ಕೊಟ್ಬಿಟ್ಟೆ. ಕನ್ನಡಕ ನಿಮ್ಮಪ್ಪ ತಗೊಂಡ. ಚಪ್ಪಲಿ ಯಾರ ಕಾಲಿಗೂ ಆಗಲಿಲ್ಲ. ಆ ತಟ್ಟೆಗೆ ಮೊಣಕಾಲು ತಾಗಿದಾಗ ಪಕ್ಕದಲ್ಲಿ ಯಾರೋ ಕೂತ ಹಾಗಿರುತ್ತೆ. ನಿಂಗೆ ಗೊತ್ತಾಗಲ್ಲ."

"ಮಿಷಿನ್ನೇ ಕೊಡ್ತೀಯಂತೆ, ಚುಕ್ಕೆ ಕದಲಿಸಲ್ವಂತೆ. ಇದ್ಯಾವ ಸೀಮೆ ಲೆಕ್ಕ?"

"ಕೊಟ್ರೆ ಪೂರ್ತಿ ಕೊಡ್ತೀನಿ. ನನ್ನ ಕೈಯಾರೆ ಅದನ್ನ ಕದಲಿಸಲ್ಲ."

ಬಸ್ಸಿನಲ್ಲಿ ನನ್ನ ತಲೆಯಲ್ಲಿ ಆ ಮಾತು ಸುತ್ತುತ್ತಲೇ ಇತ್ತು. ನನ್ನ ಕೈಯಾರೆ. ಅವಳ ಕೈ ಆಗದಿದ್ದರೆ ಬೇಡ. ಆ ಕೆಲಸಕ್ಕೆ ಈ ಅಂಗಡಿಯಲ್ಲಿ ಮೊದಲಿನಿಂದಲೂ ಬೇರೆಯೇ ಕೈ ಇತ್ತಲ್ಲ.

ಭಾನುವಾರ ಬೆಳಿಗ್ಗೆ ಅವಳಿಗಿಂತ ಮೊದಲೇ ಹೋಗಿ ಬಾಗಿಲು ತೆಗೆದೆ. ತಿರುಪು ಜಂಗು ಹಿಡಿದಿತ್ತು, ಒಂದು ಹನಿ ಮಿಷಿನ್ ಎಣ್ಣೆ ಬಿಟ್ಟು ಕಾದೆ. ಸ್ಟೂಲಿನ ಮೇಲೆ ನಾನೇ ಕೂತು ಅಳತೆ ನೋಡಿ, ಲಿವರನ್ನು ನನ್ನ ಮೊಣಕಾಲಿನ ಪಕ್ಕಕ್ಕೆ ತಂದೆ. ಹೊರಗೆ ಅವಳ ಚಪ್ಪಲಿಯ ಸದ್ದು ಕೇಳಿತು, ಒಂದು ಹೆಜ್ಜೆ ಉದ್ದ, ಒಂದು ಗಿಡ್ಡ. ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ, ಮೂಟೆಯ ಹಿಂದೆ ನುಗ್ಗಿದೆ. ಒಂಬತ್ತು ವರ್ಷದವಳಿಗೆ ಕೋಟೆಯಾಗಿದ್ದದ್ದು ಇಪ್ಪತ್ತೆರಡರವಳಿಗೆ ಚಪ್ಪಲಿ ಡಬ್ಬಿಯಾಗಿತ್ತು. ಒಂದು ಮೊಣಕೈ ಹೊರಗೇ ಉಳಿಯಿತು.

ದೊಡ್ಡಮ್ಮ ಫ್ಯಾನ್ ಹಾಕಿದಳು. ಅರ್ಧ ಹೊಲಿದ ಶರ್ಟ್ ಕೊಡವಿದಳು. ರೂಢಿಯಂತೆ ಸ್ಟೂಲಿನ ಅಂಚಿಗೆ ಕೂತು ಕಾಲನ್ನು ಹೊರಗೆ ಎಸೆದಳು.

ಟಣ್.

ಮೂಟೆಯ ಸಂದಿಯಿಂದ ನನಗೆ ಅವಳ ಕಾಲು ಮಾತ್ರ ಕಾಣುತ್ತಿತ್ತು. ಅವಳ ಕೈ ಕೆಳಗೆ ಬಂತು, ಕಡ್ಡಿಯನ್ನು ತಡವಿತು. ಕೆಂಪು ಚುಕ್ಕೆ ಈಗ ಎರಡು ತುಂಡಾಗಿತ್ತು, ಒಂದು ಕಡ್ಡಿಯ ಮೇಲೆ, ಒಂದು ಬಳೆಯ ಮೇಲೆ. ಬೆರಳು ಒಂದರಿಂದ ಇನ್ನೊಂದಕ್ಕೆ ಹೋಗಿ, ಮತ್ತೆ ವಾಪಸ್ ಬಂತು. ಮೇಲೆ ಡ್ರಾಯರ್ ತೆರೆದ ಸದ್ದು. ಸ್ಕ್ರೂಡ್ರೈವರ್ ಇರುವುದು ಅದರಲ್ಲೇ. ನಾನು ಕಣ್ಣು ಮುಚ್ಚಿಕೊಂಡೆ. ಇಷ್ಟು ದಿನ ಮಾಡಿದ ತಂಟೆಗಳಲ್ಲಿ ಒಂದಕ್ಕೂ ನಾನು ಹೀಗೆ ಹೆದರಿರಲಿಲ್ಲ.

ಡ್ರಾಯರ್ ಮುಚ್ಚಿದ ಸದ್ದು.

"ಯಾರಲ್ಲಿ" ಎಂದಳು ದೊಡ್ಡಮ್ಮ. ಸ್ಟೂಲಿನ ಅಂಚಿನಿಂದ ನಡುವಿಗೆ ಜರುಗಿ ಕೂತಳು. "ಯಾರಲ್ಲಿ! ನಮ್ಮ ಸಿಂಹಾಸನದ ಕೀಲು ತಿರುಗಿಸಿದ ದ್ರೋಹಿ ಯಾರು?"

ಅವಳ ಬಾಯಲ್ಲಿ ನಾನು ಡೈಲಾಗ್ ಕೇಳಿದ್ದು ಅದೇ ಮೊದಲು.

"ಮಹಾಪ್ರಭು... ಇಲಿ."

"ಆ ಇಲಿಗೆ ಎರಡು ಜಡೆ ಇದೆಯೋ?"

"ಈಗಿಲ್ಲ ಮಹಾಪ್ರಭು. ಬಾಬ್ ಕಟ್."

"ಅಕ್ಕಾ" ಎಂದು ಬಾಗಿಲಲ್ಲಿ ಪರದೆಯಣ್ಣನ ಧ್ವನಿ ಕೇಳಿತು. "ತಳ್ಳೋ ಗಾಡಿ ತಂದಿದ್ದೀನಿ. ಮಿಷಿನ್ ಎತ್ತೋಣ್ವಾ?"

"ನಿಂತ್ಕೊಳ್ಳಪ್ಪ" ಎಂದಳು ದೊಡ್ಡಮ್ಮ. "ಸೀನ್ ಮುಗೀಲಿ."

ಅವನು ಬಾಗಿಲಲ್ಲೇ ನಿಂತ. ಮಿಷಿನ್ ಓಡಿತು, ನಿಂತಿತು. ಪಾದ ಎದ್ದಿತು. ಮೊಣಕಾಲು ನಾಲ್ಕು ಬೆರಳಿನಷ್ಟೂ ಕದಲಿರಲಿಲ್ಲ. ಮತ್ತೆ ಓಡಿತು. ಪೂರ್ತಿ ಒಂದು ಕಾಲರ್ ಮುಗಿಯಿತು.

"ನೋವೇನೂ ಹೋಗಿಲ್ಲ" ಎಂದಳು ಕೊನೆಗೆ. "ಆರು ವಾರ ನೋಡೋಣ. ಪರದೆಯಣ್ಣ, ಗಾಡಿ ವಾಪಸ್ ತಳ್ಕೊಂಡ್ ಹೋಗು, ತಪ್ಪು ತಿಳ್ಕೋಬೇಡ. ಏ ಇಲಿ, ತಿರುಪು ನೆಟ್ಟಗೆ ಬಿಗಿ ಮಾಡಿಲ್ಲ, ಬಾ ಇಲ್ಲಿ. ನಿನ್ನ ಬ್ಯಾಗಲ್ಲಿ ನೇಲ್ ಪಾಲಿಶ್ ಇದೆಯೇನೇ?"

"ಇದೆ. ನೀಲಿ."

"ನೀಲಿನೇ ಹಾಕು" ಎಂದಳು. "ಕೆಂಪು ಅವರದು."