ತುಂಬಿದ ಹೊಟ್ಟೆಯ ಮಾತ್ರೆ

ಉಳ್ಳಾಗಡ್ಡಿಯ ಮೇಲಿನ ಸಿಪ್ಪೆ ತೆಗೆದರೆ ಕೆಳಗೂ ಕಪ್ಪು ಪುಡಿ, ಅದನ್ನು ಸುಲಿದರೆ ಒಳಗೆ ಇನ್ನಷ್ಟು, ಬೆರಳೆಲ್ಲ ಮಸಿ, ಮೊದಲಾದರೆ ತೊಳೆದರಾಯಿತು ಅನ್ನುತ್ತಿದ್ದೆ, ಈಗ ಮೂಗಿಗೆ ಸೆರಗು ಅಡ್ಡ ಹಿಡಿದು ಸುಲಿಯುತ್ತೇನೆ — ಪಿಂಪಳಗಾಂವ್ ಮಾರುಕಟ್ಟೆಯ ಶೆಡ್ಡಿನಲ್ಲಿ ನನ್ನ ಯಜಮಾನರು ಇದೇ ಪುಡಿಯ ನಡುವೆ ನಿಂತು ತೂಕ ಮಾಡಿದರು, ಮೂಗಿಗೆ ಬಟ್ಟಿ ಕಟ್ಕೋರಿ ಅಂದರೆ, ಕಟ್ಕೊಂಡ್ರ ತೂಕ ಕೂಗೋದು ಹ್ಯಾಂಗ ಹುಚ್ಚಿ. ಎಂದೋ ವಾಸಿಯಾದ ಕ್ಷಯ ಅವರ ಎದೆಯಲ್ಲಿ ಬಿಟ್ಟುಹೋದ ತೂತಿನೊಳಗೆ ಇಂಥದೇ ಪುಡಿಯ ಬೂಷ್ಟು ಮನೆ ಮಾಡಿತ್ತು, ನಾಸಿಕದ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು, ಗೋಲಿಯಂತೆ ದುಂಡಗೆ, ಮಾತ್ರೆ ತುಂಬಿದ ಹೊಟ್ಟೆಯಲ್ಲೇ ನುಂಗಬೇಕು ಬಾಬಾ, ಉಪಾಶೀ ನಕೋ, ಊಟದ ಜೊತೆ ಹೋದರೇ ರಕ್ತಕ್ಕೆ ಸೇರುತ್ತದೆ. ಹೂಂ ಅಂದರು. ಆಮೇಲೆ ಶ್ರಾವಣ ಬಂತು, ಒಂದೇ ಹೊತ್ತಿನ ಊಟ, ಭಾಲ್ಕಿಯಲ್ಲಿ ಅವರಪ್ಪ ಹಿಡಿದ ನೇಮ, ಬೆಳಗ್ಗೆ ಲಿಂಗಪೂಜೆ ಮುಗಿಸಿ ಅಂಗೈಯ ಪಾದೋದಕದೊಂದಿಗೆ ಮಾತ್ರೆ, ಊಟ ಸಂಜೆಗೆ. ಹಿಂಗ ತಗೊಂಡ್ರ ನಡೀತದೇನ್ರಿ. ಪಾದೋದಕಕ್ಕಿಂತ ಹೊಟ್ಟಿ ತುಂಬಸೂದು ಯಾವುದದ, ಹೇಳು. ನಕ್ಕರು.

ಸಾಯುವಷ್ಟು ವಿಷ ಸಿಗಲಿಲ್ಲ ಬೂಷ್ಟಿಗೆ, ಎಚ್ಚರಾಗುವಷ್ಟು ಸಿಕ್ಕಿತು — ನನ್ನ ಜೊತೆಗಿರುವ ಮೊಮ್ಮಗಳು ಪ್ರಜ್ಞಾ ಕಾಲೇಜಿನಲ್ಲಿ ಇದನ್ನೇ ಓದುತ್ತಾಳೆ, ಅಜ್ಜಿ ಐಕ್ ನಾ, ಕೇಳಿಲ್ಲಿ, ಅದರ ಮೈ ಮ್ಯಾಲ ಚಾಪಿ ಹಾಂಗ ಹೆಣದಿದ್ದು ಇರ್ತದ, ಔಷಧ ಒಂದು ಎಳಿ ಕಡದ್ರ ಅದಕ್ಕ ಲಗೇಚ್, ಆಗಿಂದಾಗ, ತಿಳೀತದ, ಬ್ಯಾರೆ ಎಳಿ ಹಾಕಿ ದಪ್ಪ ಮಾಡ್ಕೋತದ. ಕಣ್ಣಿಲ್ಲ, ತಲೆಯಿಲ್ಲ, ಮೈಯೇ ತಿಳಿದುಕೊಳ್ಳುತ್ತದಂತೆ ಎಲ್ಲಿ ಬಿಸಿ, ಎಲ್ಲಿ ಎಳೆತ, ಎಲ್ಲಿ ವಿಷ. ಅಡಿಗೆ ಮುಗಿಸಿ ರಾತ್ರಿಶಾಲೆಗೆ ಹೋಗಿ ಅಕ್ಷರ ಕೂಡಿಸಲು ನನಗೆ ವರ್ಷಗಳು ಬೇಕಾದವು, ಆ ಬೂಷ್ಟಿಗೆ ಕಲಿಯಲು ಒಂದು ಶ್ರಾವಣ ಸಾಕಾಯಿತೇ, ಅದೇ ಕಾರಣ ಎಂದು ಡಾಕ್ಟರು ಹೇಳುವುದಿಲ್ಲ, ಅಲ್ಲ ಎಂದೂ ಹೇಳುವುದಿಲ್ಲ. ಈಗ ಯಜಮಾನರು ಮಗ ಬಸವಕುಮಾರನ ಊರು ಸಂಭಾಜಿನಗರದ ಆಸ್ಪತ್ರೆಯಲ್ಲಿ, ಬಾಯಲ್ಲಿ ನಳಿಗೆ, ಯಂತ್ರದ ಉಸಿರು, ಆ ಹೆಣಿಗೆಯನ್ನೇ ಕಡಿಯುವ ಇಂಜೆಕ್ಷನ್ ಕೊಟ್ಟರು, ಬೂಷ್ಟು ಅದನ್ನೂ ತಡೆದುಕೊಂಡಿತು, ಇನ್ನೊಂದು ಕೊಟ್ಟರು, ಕಿಡ್ನಿ ಕೈಬಿಟ್ಟಿತು, ಅವರ ಮೈಗೆ ಮಾತ್ರ ದಪ್ಪವಾಗಲು ಬರುವುದಿಲ್ಲ, ಮೊನ್ನೆ ಹಿಡಿದ ಕೈ ಹಪ್ಪಳದಷ್ಟು ತೆಳು. ಫೋನಿನಲ್ಲಿ ಮಗ, ಅವ್ವಾ, ಯಂತ್ರ ತೆಗೀಲಿಕ್ಕ ನಿನ್ನ ಕೈಬರಹದ ಪತ್ರ ಬೇಕಂತ, ದಿನಾ ಕೇಳ್ತಾರ, ನಾ ಏನಂತ ಹೇಳ್ಲಿ. ನಾಳೆ ಅಂದೆ, ನಾಳೆ ಬಂದರೆ ಮತ್ತೆ ನಾಳೆ, ಬರೆದಾಗಿದೆ ಮಗನೇ, ಕಲಿತ ಮರಾಠಿಯಲ್ಲೇ ಬರೆದು ಹಿಟ್ಟಿನ ಡಬ್ಬಿಯ ಕೆಳಗೆ ಇಟ್ಟಿದ್ದೇನೆ, ಇನ್ನು ನೋಯಿಸಬೇಡಿರಿ ಅವರನ್ನು, ಅಷ್ಟೇ. ಇವತ್ತು ತೆಗೆದುಕೊಟ್ಟರೆ ಪ್ರಜ್ಞಾ ಓದಿ ನೋಡುತ್ತಾಳೆ, ಅಜ್ಜಿ, ಅವರು ಅಂದ್ರ ಡಾಕ್ಟರಿಗೆ ಯಾರಂತ ತಿಳೀಬೇಕು, ನಾವ್ ಲಿಹೀ ನಾ ಅಜೋಬಾಚಂ, ಅಜ್ಜನ ಹೆಸರು ಬರಿ. ಹೆಸರು. ಮದುವೆಯಾದಂದಿನಿಂದ ನಾಲಿಗೆಯ ಮೇಲೆ ತರದ ಹೆಸರು, ರಾತ್ರಿಶಾಲೆಯಲ್ಲಿ ಮೇಷ್ಟ್ರು ಕೇಳಿದಾಗ ಪಕ್ಕದವಳಿಂದ ಹೇಳಿಸಿದ ಹೆಸರು. ಕೈ ತೊಳೆದು ಒರೆಸಿಕೊಂಡು ಪೆನ್ನು ಹಿಡಿಯುತ್ತೇನೆ, ಒಂದೊಂದೇ ಅಕ್ಷರ, ಪ್ರಜ್ಞಾ ಫೋಟೋ ತೆಗೆಯುತ್ತಾಳೆ, ಕಳಸ್ಲಿ? ಕಳಿಸು. ಗೇಲಂ ಅಜ್ಜಿ, ಹೋಯ್ತು — ಹೋಯಿತು, ಕಾಗದ ಮಾತ್ರ ಇಲ್ಲೇ ಇದೆ, ಕೊನೆಯ ಸಾಲಿನಲ್ಲಿ ಗುರುಲಿಂಗಪ್ಪ, ಶಾಯಿ ಇನ್ನೂ ಹಸಿ, ಗುರುಲಿಂಗಪ್ಪ, ನನ್ನ ಅಕ್ಷರದಲ್ಲಿ, ಗುರುಲಿಂಗಪ್ಪ