ಆಚೆ ದಡದ ಚಹಾ

ಸ್ಮಶಾನದ ಗೇಟಿನಿಂದ ಬಸ್ಸನ್ನು ಹಿಂದಕ್ಕೆ ತೆಗೆಯುತ್ತಿದ್ದವನಿಗೆ ನಾಲ್ಕೂ ದಿಕ್ಕಿನಿಂದ ಸಲಹೆ ಬರುತ್ತಿತ್ತು. ಎಡಕ್ಕೆ ತಿರುಗಿಸು ಎಂದು ಒಬ್ಬ, ಇನ್ನೂ ಬರಲಿ ಎಂದು ಇನ್ನೊಬ್ಬ, ಗೋಡೆ ಗೋಡೆ ಎಂದು ಮತ್ತೊಬ್ಬ. ಮಣ್ಣಿಗೆ ಬಂದವರಲ್ಲಿ ಮುಕ್ಕಾಲು ಪಾಲು ಡ್ರೈವರುಗಳೇ ಆದರೆ ಬೇರೇನಾದೀತು. ತೀರಿಹೋದವರೂ ಡ್ರೈವರೇ. ಹಳೆಯ ಕಲ್ಲು ಸೇತುವೆ ನೋಡಲು ಹೋಗುವವರ ಬಸ್ಸನ್ನು ನಿವೃತ್ತಿಯವರೆಗೂ ಓಡಿಸಿದವರು. ಅವರಿದ್ದಿದ್ದರೆ ಬಾಯಿ ಬಿಡದೆ ಬೆರಳಲ್ಲೇ ಬಸ್ಸನ್ನು ಹೊರಗೆ ತರಿಸುತ್ತಿದ್ದರು ಎಂದು ಯಾರೋ ಹೇಳಿದ ಮೇಲೆ ಗದ್ದಲ ಸ್ವಲ್ಪ ತಗ್ಗಿತು.

ಅವರ ಹೆಂಡತಿ ಮುಂದಿನ ಸೀಟಿನಲ್ಲಿ ಮಗಳ ಪಕ್ಕ ಕೂತಿದ್ದಳು. ಬೆಳಗಿನಿಂದ ಅತ್ತು ಆಕೆಯ ಕಣ್ಣು ಊದಿಕೊಂಡಿದ್ದವು. ಆದರೂ ಬಂದ ಹೆಂಗಸರ ಮುಖವನ್ನೆಲ್ಲ ಒಂದೊಂದಾಗಿ ನೋಡಿ ಮುಗಿಸಿದ್ದಳು. ನೆಂಟರು, ನೆರೆಯವರು, ಡ್ರೈವರುಗಳ ಹೆಂಡಿರು. ಗುರುತಿಲ್ಲದ ಮುಖ ಒಂದೂ ಇರಲಿಲ್ಲ. ಸೇತುವೆಯ ಆಚೆ ದಡದ ಚಹಾದಂಗಡಿಯವಳು ಇವತ್ತಾದರೂ ಬಂದೇ ಬರುತ್ತಾಳೆ ಎಂದುಕೊಂಡಿದ್ದ ಆಕೆಗೆ ಈಗ ಸಮಾಧಾನವಾಗುವ ಬದಲು ಸಿಟ್ಟು ಬಂತು. ಇಷ್ಟು ವರ್ಷ ಅವರ ಬಾಯಲ್ಲಿ ಆಡಿದವಳು, ಕೊನೆಗೊಂದು ಸಲ ಮುಖ ನೋಡುವುದಕ್ಕಾದರೂ ಬರಬಾರದೇ?

*

ಮದುವೆಯಾದ ಹೊಸತರಲ್ಲಿ ಅವರನ್ನು ಆ ಬಸ್ಸಿಗೆ ಹಾಕಿದ್ದರು. ಮೊದಲ ದಿನ ಕೆಲಸ ಮುಗಿಸಿ ಬಂದಾಗ, ಆಚೆ ದಡದ ಊರು ಹೇಗಿದೆ ಎಂದು ಆಕೆ ಕೇಳಿದಳು. ಚಂದ ಇದೆ ಎಂದರು. ಚಂದ ಅಂದರೆ ಹೇಗೆ ಎಂದು ಆಕೆ ಬಿಡಲಿಲ್ಲ. ಅಲ್ಲಿಂದ ಶುರುವಾಯಿತು ಆ ಊರು. ಸೇತುವೆ ಇಳಿದ ಕೂಡಲೇ ಎಡಕ್ಕೆ ಓಣಿ, ಓಣಿಯ ತುದಿಗೆ ನದಿಗಿಳಿಯುವ ಮೆಟ್ಟಿಲು, ಅಲ್ಲಿ ಬೋರಲು ಹಾಕಿದ ದೋಣಿಗಳು, ಒಂದು ನೀಲಿ ಬಾಗಿಲ ಮನೆ, ಬಲಕ್ಕೆ ಬಾವಿ, ಬಾವಿಯ ಎದುರು ಚಹಾದಂಗಡಿ. ಊಟದ ಹೊತ್ತಿಗೆ ದಿನಕ್ಕೊಂದು ಮನೆಯಂತೆ ಊರು ಬೆಳೆಯಿತು. ಅಡುಗೆಮನೆಯ ಗೋಡೆಗೆ ಒರಗಿ ಕೂತೇ ಆಕೆ ಅದನ್ನೆಲ್ಲ ಸುತ್ತಿದಳು.

ಅಂಗಡಿಯವಳ ವಿಷಯ ಬಂದದ್ದು ಆಮೇಲೆ. ಬಾಯಿ ಜೋರು, ಕೈ ಧಾರಾಳ. ಸಕ್ಕರೆ ಸಾಕೇ ಎಂದು ಕೇಳುವ ಪದ್ಧತಿಯಿಲ್ಲ, ತಾನೇ ಇನ್ನೊಂದು ಚಮಚ ಹಾಕಿಬಿಡುತ್ತಾಳೆ. ಬೆಕ್ಕನ್ನು ಮನುಷ್ಯರನ್ನು ಬೈದಂತೆ ಬೈಯುತ್ತಾಳೆ. ಇದನ್ನು ಹೇಳುವಾಗ ಅವರಿಗೆ ಒಂದು ನಗು ಬರುತ್ತಿತ್ತು. ಆ ನಗುವೇ ಆಕೆಗೆ ಮುಳ್ಳಾಯಿತು.

ನನ್ನನ್ನೂ ಒಂದು ಸಲ ಕರೆದುಕೊಂಡು ಹೋಗಿ ಎಂದರೆ, ಮುಂದಿನ ವರ್ಷ. ಮುಂದಿನ ವರ್ಷ ಬಂದರೆ ಮಗುವಿಗೆ ಕೆಮ್ಮು. ನಿವೃತ್ತಿಯಾದ ಮೇಲೆ ಮಂಡಿನೋವು. ಅದೇ ಮಂಡಿಯಲ್ಲಿ ದಿನಾ ಸಂಜೆ ಡಿಪೋವರೆಗೆ ನಡೆದು ಹರಟೆ ಹೊಡೆದು ಬರುತ್ತಿದ್ದುದು ಆಕೆಗೆ ಕಾಣುತ್ತಿರಲಿಲ್ಲವೇ? ಆಕೆ ಕೇಳುವುದನ್ನು ಬಿಟ್ಟಳು. ಆಸೆ ಬಿಡಲಿಲ್ಲ. ತವರಿಗೆ ಹೋಗಬೇಕೆಂದು ಕೂಡ ಆಕೆಗೆ ಅಷ್ಟು ಅನ್ನಿಸುತ್ತಿರಲಿಲ್ಲ.

*

ಬಸ್ಸು ಅಂತೂ ರಸ್ತೆಗೆ ಬಂತು. ಗಂಡನ ಜೊತೆ ಉದ್ದಕ್ಕೂ ದುಡಿದ ಕಂಡಕ್ಟರ್ ಹತ್ತಿ, ಆಕೆಯ ಪಕ್ಕ ಕಂಬಿ ಹಿಡಿದು ನಿಂತ. ಆಳು ದಪ್ಪ, ಡಿಪೋದಲ್ಲಿ ಅವನಿಗೆ ಡಬಲ್ ಟಿಕೆಟ್ ಎಂದೇ ಹೆಸರು. ಮನಸ್ಸು ತಡೆಯದೆ ಆಕೆ ಕೇಳಿಯೇಬಿಟ್ಟಳು.

"ಆ ಊರಿಂದ ಯಾರೂ ಬರ್ಲಿಲ್ವಾ?"

"ಯಾವೂರು ಅತ್ತಿಗೆ?"

"ಸೇತುವೆ ಆಚೆದು. ಆ ಟೀ ಅಂಗಡಿಯವಳಿಗೆ ಯಾರೂ ಹೇಳ್ಲಿಲ್ವಾ?"

ಡಬಲ್ ಟಿಕೆಟ್ ಒಂದು ಸಲ ಮಗಳ ಮುಖ ನೋಡಿದ. "ಅಲ್ಲಿ ಅಣ್ಣನ್ನ ಯಾರು ಬಲ್ರು ಅತ್ತಿಗೆ? ಅಣ್ಣ ಸೇತುವೆ ದಾಟಿದೋರೇ ಅಲ್ಲ."

ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದ. ಸೇತುವೆಯ ಮೇಲೆ ಬಸ್ಸು ಹೋಗುವುದಿಲ್ಲ, ಈಚೆ ದಡದಲ್ಲಿ ಅದು ನಿಲ್ಲುವ ಜಾಗ ಅಂಗೈಯಗಲ. ಹಿಂದಿನಿಂದ ಹಾಲಿನ ಗಾಡಿ ಬಂದರೆ ಸರಿಸಬೇಕು, ಮುಂದಿನಿಂದ ಇನ್ನೊಂದು ಬಂದರೆ ಮತ್ತೆ ಸರಿಸಬೇಕು. ಡ್ರೈವರ್ ಸೀಟು ಬಿಡುವಂತಿಲ್ಲ. ಜನರನ್ನು ಆಚೆ ಕರೆದೊಯ್ಯುವುದು ಕಂಡಕ್ಟರನ ಕೆಲಸ. ಸೇತುವೆ ನಡುವೆ ಡುಬ್ಬದಂತೆ ಎದ್ದಿರುವುದರಿಂದ ಸೀಟಿನಿಂದ ಊರು ಕಾಣುವುದೂ ಇಲ್ಲ, ಬರೀ ಆಕಾಶ. ತಿರುಗಿ ಬಂದ ಪ್ರಯಾಣಿಕರನ್ನೆಲ್ಲ ಅಣ್ಣ ಏನು ನೋಡಿದಿರಿ, ಹೇಗಿತ್ತು ಎಂದು ವಿಚಾರಿಸುತ್ತಿದ್ದರಂತೆ. ಎಂಥ ಸಂಭಾವಿತ ಡ್ರೈವರ್ ಎಂದು ಜನ ಹೊಗಳುತ್ತಿದ್ದರಂತೆ.

"ರಜಾ ದಿನ ಬನ್ನಿ ಅಂತ ನಾನೇ ಎಷ್ಟು ಸಲ ಕರ್ದೆ. ಹೋದ್ರೆ ನಿಮ್ಮತ್ತಿಗೆ ಜೊತೇಲೇ ಹೋಗ್ಬೇಕು ಅಂದ್ರು. ಸರಿ, ಕರ್ಕೊಂಡ್ ಬನ್ನಿ ಅಂದೆ. ಹೇಗೆ ಕರ್ಕೊಂಡ್ ಬರ್ಲೋ, ನಾನು ನೋಡಿದೀನಿ ಅಂತ ಅವಳಿಗೆ ಹೇಳ್ಬಿಟ್ಟಿದೀನಲ್ಲೋ ಅಂದ್ರು."

ಹೊಸ ಹೆಂಡತಿಯ ಮುಂದೆ ದೊಡ್ಡಸ್ತಿಕೆಗೆ ಹೇಳಿದ ಒಂದು ಸುಳ್ಳು ಅವರಿಗೆ ಬಿಸಿತುಪ್ಪವಾಗಿತ್ತು. ನುಂಗುವಂತಿಲ್ಲ, ಉಗುಳುವಂತಿಲ್ಲ. ಆಕೆಗೆ ಸಂಕಟವಾಯಿತು. ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತು? ಒಂದು ವಾರ ಆಡಿಕೊಂಡು ನಗುತ್ತಿದ್ದಳು, ಎಂಟನೇ ದಿನ ಇಬ್ಬರೂ ಹೋಗಿಬರುತ್ತಿದ್ದರು.

"ಬಸ್ಸು ಮನೆಗೆ ಬೇಡ. ಸೇತುವೆಗೆ ಬಿಡಿ," ಎಂದಳು.

ಮನೆಯಲ್ಲಿ ಜನ ಕಾಯುತ್ತಿದ್ದಾರೆ, ಇವತ್ತೇ ಊರು ನೋಡಲು ಹೊರಟರೆ ಕಂಡವರು ಏನೆಂದುಕೊಂಡಾರು ಎಂದು ಮಗಳು ತಡೆದಳು.

"ಅಂದ್ಕೊಳ್ಲಿ. ಇವರೆಲ್ಲ ಇವತ್ತು ಇಳಿದು ಹೋದ್ಮೇಲೆ ನನ್ನ ಯಾರು ಕರ್ಕೊಂಡ್ ಹೋಗ್ತಾರೆ?"

ಡ್ರೈವರ್ ಯಾರನ್ನೂ ಕೇಳದೆ ಮುಂದಿನ ತಿರುವಿನಲ್ಲಿ ನದಿಯ ರಸ್ತೆ ಹಿಡಿದ.

*

ಸೇತುವೆಯ ಕಲ್ಲು ನಡುವೆ ಸವೆದು ನುಣ್ಣಗಾಗಿತ್ತು. ಎಷ್ಟು ತಲೆಮಾರಿನ ಕಾಲು ಉಜ್ಜಿದ್ದವೋ. ಉಳಿದವರನ್ನು ಬಸ್ಸಿನಲ್ಲೇ ಬಿಟ್ಟು ಆಕೆ ಮಗಳ ಕೈ ಹಿಡಿದು ಏರಿದಳು. ನೆತ್ತಿಗೆ ಬಂದದ್ದೇ ಊರು ಎದುರಿಗೇ ಇತ್ತು. ಇಷ್ಟೇ ದೂರ. ಈಚೆಯಿಂದ ಕೂಗಿದರೆ ಆಚೆ ಓಗೊಡುವಷ್ಟು. ಅದನ್ನು ನೋಡಿ ಆಕೆಗೆ ಸ್ಮಶಾನದಲ್ಲಿ ಬಂದದ್ದಕ್ಕಿಂತ ಹೆಚ್ಚು ಅಳು ಬಂತು.

ಇಳಿದ ಮೇಲೆ ದಾರಿ ತೋರಿಸಿದವಳು ಆಕೆಯೇ. ಎಡಕ್ಕೆ ಎಂದಳು, ಓಣಿ ಬಂತು. ಇನ್ನು ಮೆಟ್ಟಿಲು ಎಂದಳು, ಮೆಟ್ಟಿಲು ಬಂತು, ದೋಣಿಗಳು ಬೋರಲಾಗಿಯೇ ಇದ್ದವು. ನೀಲಿ ಬಾಗಿಲಿನ ಬಣ್ಣ ಎದ್ದುಹೋಗಿತ್ತು. ಬಾವಿ ಮಾತ್ರ ಬಲಕ್ಕಿರುವ ಬದಲು ಎಡಕ್ಕಿತ್ತು. ಯಾವ ಪುಣ್ಯಾತ್ಮ ಪ್ರಯಾಣಿಕ ತಪ್ಪಿ ಹೇಳಿದ್ದನೋ. ಡಬಲ್ ಟಿಕೆಟ್ ಏದುಸಿರು ಬಿಡುತ್ತ ಹಿಂದೆ ಬಂದ. ಅಷ್ಟು ವರ್ಷ ಜನರಿಗೆ ಊರು ತೋರಿಸಿದವನಿಗೆ ಇಂದು ತೋರಿಸುವ ಕೆಲಸವೇ ಇರಲಿಲ್ಲ.

ಚಹಾದಂಗಡಿಯ ಮುಂದೆ ಆಕೆ ನಿಂತು ಕೂದಲು ಸರಿಮಾಡಿಕೊಂಡಳು. ಒಳಗೆ ಒಲೆಯ ಹಿಂದೆ ಪೊದೆ ಮೀಸೆಯ ಗಂಡಸೊಬ್ಬ ನಿಂತಿದ್ದ. ಅಂಗಡಿ ನೋಡಿಕೊಳ್ಳುವ ಹೆಂಗಸು ಇಲ್ಲವೇ ಎಂದು ಕೇಳಿದರೆ, ಇಲ್ಲಿ ಯಾವತ್ತೂ ಹೆಂಗಸರು ನಿಂತದ್ದಿಲ್ಲ, ಮೊದಲು ತಂದೆ, ಈಗ ತಾನು ಎಂದ. ಡಬಲ್ ಟಿಕೆಟ್ಟೂ ಹೌದೆಂದು ತಲೆಯಾಡಿಸಿದ.

"ಮತ್ತೆ ಯಾರವಳು? ಬಾಯಿ ಜೋರಂತೆ. ಕೇಳ್ದೇನೇ ಸಕ್ಕರೆ ಹಾಕ್ತಾಳಂತೆ. ಬೆಕ್ಕಿಗೆ ಮನುಷ್ಯರಿಗೆ ಬೈದ ಹಾಗೆ ಬೈತಾಳಂತೆ."

ಮಗಳು ತಾಯಿಯ ತೋಳು ಹಿಡಿದಳು. "ಅಮ್ಮ, ನಮ್ಮನೇಲಿ ಬೆಕ್ಕಿಗೆ ಹಾಗೆ ಬೈಯೋರು ಯಾರು?"

ಆಕೆ ಮಗಳನ್ನೇ ನೋಡಿದಳು. ಇಷ್ಟು ವರ್ಷ ಯಾರನ್ನು ನೆನೆದು ಹೊಟ್ಟೆ ಉರಿದುಕೊಂಡಿದ್ದಳೋ, ಅವಳನ್ನು ಎದುರಿಗೇ ಕೂರಿಸಿಕೊಂಡು ಅವರು ಉಣ್ಣುತ್ತ ನಕ್ಕಿದ್ದರು. ಈಗ ಜಗಳವಾಡಬೇಕೆಂದರೆ ಅವರಿಲ್ಲ. ಇದೊಂದು ಗಳಿಗೆಗಾದರೂ ಅವರು ಬೇಕಾಗಿತ್ತು.

"ಮೊದಲ್ನೇ ಸಲ ಬರ್ತಿರೋದಾ?" ಎಂದು ಅಂಗಡಿಯವನು ಲೋಟ ತೊಳೆಯುತ್ತ ಕೇಳಿದ.

"ನಾನು ಮೊದಲ್ನೇ ಸಲ," ಎಂದಳು ಆಕೆ. "ನಮ್ಮನೆಯವ್ರು ದಿನಾ ಬರ್ತಿದ್ರು."

ಡಬಲ್ ಟಿಕೆಟ್ ನೆಲ ನೋಡಿದ. ಅಂಗಡಿಯವನು ಹೌದೌದು, ನೋಡಿದ ಹಾಗಿದೆ ಎಂದು ಉಪಚಾರಕ್ಕೆ ಹೇಳಿ, ಯಾವ ಜಾಗದಲ್ಲಿ ಕೂರುತ್ತಿದ್ದರು ಎಂದು ವಿಚಾರಿಸಿದ.

ಆಕೆ ಅಂಗಡಿಯನ್ನೆಲ್ಲ ಒಮ್ಮೆ ನೋಡಿದಳು. ಒಲೆಯ ಹತ್ತಿರ ಹೊಗೆ, ಬಾಗಿಲ ಹತ್ತಿರ ಬಿಸಿಲು. ಒಳಗಡೆ ಕಿಟಕಿಯ ಕೆಳಗೆ ಒಂದು ಸಣ್ಣ ಮೇಜು, ಎರಡು ಕುರ್ಚಿ. ಕಿಟಕಿಯಾಚೆ ನದಿ ನಿಧಾನವಾಗಿ ಹರಿಯುತ್ತಿತ್ತು.

"ಅಲ್ಲಿ," ಎಂದಳು.

ಅಂಗಡಿಯವನು ಆ ಮೇಜನ್ನು ಒರೆಸಿ ಚಹಾ ತಂದಿಟ್ಟ. ಆಕೆ ಒಂದು ಕುರ್ಚಿಯಲ್ಲಿ ಕೂತಳು. ಸುಸ್ತಾಗಿದ್ದ ಡಬಲ್ ಟಿಕೆಟ್ ಇನ್ನೊಂದನ್ನು ಎಳೆದುಕೊಳ್ಳಲು ಅದರ ಬೆನ್ನಿಗೆ ಕೈ ಹಾಕಿದವನು ಮೆಲ್ಲಗೆ ಬಿಟ್ಟ. ತನ್ನ ಲೋಟ ಎತ್ತಿಕೊಂಡು ಗೋಡೆಯ ಪಕ್ಕ ನಿಂತೇ ಕುಡಿದ.