ಹೊಗಳದ ಮನೆ

ಶನಿವಾರ ಬಂತೆಂದರೆ ಮಕಾಯ್ ಊರಿನ ರಗ್ಬಿ ಮೈದಾನದಲ್ಲಿ, ಹಿಂದೆಂದೋ ದ್ವೀಪಗಳಿಂದ ಬಂದು ನೆಲೆಸಿದ ನಮ್ಮ ಜನರದೇ ಗದ್ದಲ. ಅದರಲ್ಲೂ ಎಡ್ನಾ ಅಜ್ಜಿಯ ಬಾಯಿ ಎಲ್ಲರಿಗಿಂತ ಜೋರು. ಮೊಮ್ಮಗಳು ಕಲೀಶಾ ಚೆಂಡು ಹಿಡಿದು ಓಡಿದರೆ ಸಾಕು, ಬೆಂಚಿನಿಂದಲೇ ಶುರು.

"ಅಯ್ಯೋ, ಅದೂ ಒಂದು ಓಟಾನಾ? ಬಸುರಿ ಬಾತುಕೋಳಿ ಇದಕ್ಕಿಂತ ಚೆನ್ನಾಗಿ ಓಡುತ್ತೆ!"

ಜನ ಬಿದ್ದು ಬಿದ್ದು ನಗುತ್ತಿದ್ದರು. ಕಲೀಶಾಗೆ ಮಾತ್ರ ನಗು ಬರುತ್ತಿರಲಿಲ್ಲ. ಹುಟ್ಟಿದಾಗಿನಿಂದ ಆ ಬಾಯಲ್ಲಿ ತನ್ನ ಬಗ್ಗೆ ಒಂದು ಒಳ್ಳೆಯ ಮಾತನ್ನು ಅವಳು ಕೇಳಿದ್ದಿಲ್ಲ.

ಆ ದಿನ ರಾಜ್ಯ ತಂಡಕ್ಕೆ ಹುಡುಗಿಯರನ್ನು ಆರಿಸಲು ಬ್ರಿಸ್ಬೇನ್‌ನಿಂದ ಒಬ್ಬರು ಬಂದಿದ್ದರು. ಆಟ ಮುಗಿದ ಮೇಲೆ ಅಜ್ಜಿಯ ಪಕ್ಕ ಬಂದು ಕುಳಿತರು.

"ಅವಳು ನಿಮ್ಮ ಮೊಮ್ಮಗಳಂತೆ. ಏನು ಭುಜ, ಏನು ಕಾಲು! ಇಂಥವಳೇ ನಮಗೆ ಬೇಕು. ಕರ್ಕೊಂಡು ಹೋಗ್ತೀವಿ."

ಅಜ್ಜಿಯ ಮುಖ ಬಿಳಿಚಿಕೊಂಡಿತು. "ಅವಳಾ? ಅವಳ ಮಂಡಿ ಕೆಟ್ಟಿದೆ ಸಾರ್. ದಮ್ಮೂ ಇಲ್ಲ. ಬೇರೆ ಯಾರನ್ನಾದ್ರೂ ನೋಡಿ."

ಸುದ್ದಿ ಕಲೀಶಾಗೆ ಮುಟ್ಟಲು ಹೊತ್ತು ಹಿಡಿಯಲಿಲ್ಲ. ಬೆವರು ಒರೆಸದೆಯೇ ಓಡಿ ಬಂದಳು.

"ಅಜ್ಜೀ, ನನ್ನ ಮಂಡಿಗೇನಾಗಿದೆ?"

ಅಜ್ಜಿ ಮರಗೆಣಸಿನ ಕಡುಬಿನ ಎಲೆ ಬಿಚ್ಚಿದಳು. "ಮೊದಲು ತಿನ್ನು."

"ಕಡುಬು ಬೇಡ ನಂಗೆ! ಇನ್ನೇನು ಹೆಸರು ಕೂಗ್ತಾರೆ. ನಾನಂದ್ರೆ ನಿಂಗೆ ಅಷ್ಟೊಂದು ಆಗಲ್ವಾ?"

ಅಜ್ಜಿ ಬಿಚ್ಚಿದ ಎಲೆಯನ್ನು ಮತ್ತೆ ಮಡಚಿಟ್ಟಳು.

"ನನ್ನಜ್ಜನ್ನೂ ಅವನ ತಮ್ಮನ್ನೂ ಅಂಬ್ರಿಮ್ ದ್ವೀಪದಿಂದ ಹಡಗಲ್ಲಿ ತುಂಬ್ಕೊಂಡು ಬಂದು ಇಲ್ಲಿ ಕಬ್ಬಿನ ತೋಟಕ್ಕೆ ಹಾಕಿದ್ರು. ಒಂದಿನ ಯಾರೋ ಸಾಹೇಬ ತಮ್ಮನ ತೋಳು ಹಿಚುಕಿ ನೋಡ್ದ. ನಮ್ಮಜ್ಜ ಹೆಮ್ಮೆಯಿಂದ, 'ಇವನಷ್ಟು ಕಬ್ಬು ಕಡಿಯೋರೇ ಇಲ್ಲ' ಅಂದುಬಿಟ್ಟ. ಬೆಳಗಾಗೋದ್ರಲ್ಲಿ ತಮ್ಮನ್ನ ಬೇರೆ ತೋಟಕ್ಕೆ ಸಾಗಿಸಿದ್ರು. ಅಜ್ಜಂಗೆ ಮತ್ತೆ ಅವನ ಮುಖ ನೋಡೋಕೇ ಆಗ್ಲಿಲ್ಲ. ಅವತ್ತಿಂದ ನಮ್ಮನೇಲಿ ಯಾರೂ ಮಕ್ಕಳನ್ನ ಹೊಗಳಲ್ಲ. ನಮ್ಮಮ್ಮ ನನ್ನ ಕೋತಿ ಅಂತಲೇ ಕರೀತಿದ್ಲು. ಆ ಮನುಷ್ಯ 'ಕರ್ಕೊಂಡು ಹೋಗ್ತೀವಿ' ಅಂದಾಗ ನನ್ನ ಜೀವಾನೇ ಹೋಯ್ತು ಕಣೇ."

ಕಲೀಶಾಳ ಸಿಟ್ಟು ಜರ್ರನೆ ಇಳಿಯಿತು. ಅಜ್ಜಿಯ ಕೈ ಹಿಡಿದುಕೊಂಡಳು.

"ಪಾಪ, ಆ ತಮ್ಮನ್ನ ಬರ್ತೀಯಾ ಅಂತ ಯಾರೂ ಕೇಳ್ಲಿಲ್ಲ ಅಜ್ಜಿ. ನನ್ನ ಕೇಳ್ತಿದಾರೆ. ನಾನೇ ಹೋಗ್ತೀನಿ ಅಂತಿದೀನಿ. ಹೋಗಿ ಆಡಿ, ವಾಪಸ್ ಬರ್ತೀನಿ."

ಅಜ್ಜಿ ಕಣ್ಣೊರೆಸಿಕೊಂಡು ಎದ್ದಳು. ಚಹಾ ಕುಡಿಯುತ್ತಿದ್ದ ಆ ಮನುಷ್ಯನ ಎದುರು ಹೋಗಿ ನಿಂತಳು.

"ಸಾರ್, ನಾನು ಹೇಳಿದ್ದು ಸುಳ್ಳು. ಅವಳ ಮಂಡಿ ಗಟ್ಟಿಯಾಗಿದೆ. ಅವಳು... ಪರವಾಗಿಲ್ಲ."

ಅಷ್ಟು ಹೇಳುವಷ್ಟರಲ್ಲಿ ಅಜ್ಜಿ ಬೆವೆತಿದ್ದಳು. ಪಾಪ, ಅಭ್ಯಾಸವೇ ಇಲ್ಲ. ಆಮೇಲೆ ಒಂದು ಹೆಜ್ಜೆ ಮುಂದಿಟ್ಟು, "ಚೆನ್ನಾಗಿ ಓಡ್ತಾಳೆ," ಎಂದಳು. ಅಲ್ಲಿಗೆ ಕಟ್ಟೆ ಒಡೆಯಿತು.

"ಚೆನ್ನಾಗೇನು, ಗಾಳಿ ಹಂಗೆ ಓಡ್ತಾಳೆ! ಅಡ್ಡ ಬಂದೋರು ಮಣ್ಣು ಮುಕ್ಕಬೇಕು! ಹಾಡ್ತಾಳೆ, ಮೀನು ಹಿಡೀತಾಳೆ, ಹುಟ್ಟುವಾಗ್ಲೇ ಬಾಯಲ್ಲಿ ಹಲ್ಲಿತ್ತು ಸಾರ್ ಇವಳಿಗೆ!"

"ಸಾಕಮ್ಮಾ, ನೀವು ಹಲ್ಲಿನ ತನಕ ಬರೋ ಮೊದಲೇ ಅವಳನ್ನ ತಂಡಕ್ಕೆ ಸೇರಿಸ್ಕೊಂಡೆ," ಎಂದು ಅವರು ನಕ್ಕರು.

ಆದರೆ ಅಜ್ಜಿ ನಿಲ್ಲಿಸಿದರೆ ತಾನೆ? ಚಹಾದವಳಿಗೆ ಹೇಳಿದಳು, ಎದುರಾಳಿ ತಂಡದ ತಾಯಂದಿರನ್ನು ತಡೆದು ನಿಲ್ಲಿಸಿ ಹೇಳಿದಳು. ಕಲೀಶಾಗೆ ಅಳುವೂ ನಗುವೂ ಒಟ್ಟಿಗೇ ಬಂದವು.

"ಅಜ್ಜೀ, ಸಾಕು ಮಾಡೇ. ಎಲ್ಲರೂ ನನ್ನೇ ನೋಡ್ತಿದಾರೆ."

"ನೋಡ್ಲಿ ಬಿಡೇ," ಎಂದಳು ಅಜ್ಜಿ. "ಕಣ್ತುಂಬ ನೋಡ್ಲಿ."